ಸಿಂಕ್ ಬಟನ್ ಬಿಟ್ಟು ರೆಕಾರ್ಡ್ ಮ್ಯಾಲೆ ಕಲಿಬೇಕಾ? ಬಳ್ಳಾರ್ಯಾಗ ಹಳೇ ಟರ್ನ್‌ಟೇಬಲ್ ಜೋಡಿ ಸಿಕ್ಕೈತಿ

ಕಾರಟಗಿ ಹುಡುಗ

ಎಲ್ಲಾರ್ಗೂ ನಮಸ್ಕಾರ್ರಿ. ನಾಕು ವರ್ಷದಿಂದ ಲಗ್ನ, ಗಣಪತಿ, ಜಾತ್ರಿಗೆ ಡಿಜೆ ಹಚ್ತೀನಿ. ಒಂದು ಲ್ಯಾಪ್‌ಟಾಪ್, ಎರಡು ಚಾನೆಲ್ ಕಂಟ್ರೋಲರ್ (ಲ್ಯಾಪ್‌ಟಾಪಿನ ಹಾಡು ಕೈಲೆ ಆಡಸೋ ಡಬ್ಬಿ) ನಂದು. ಬೇಸು, ಟಾಪು (ಮ್ಯಾಲಿನ ಸದ್ದಿನ ಸ್ಪೀಕರ್), ಆಂಪ್ಲಿಫೈಯರ್, ಜನರೇಟರ್ ಎಲ್ಲಾ ಬಾಡಿಗಿ.

ಹೋದ ತಿಂಗಳ ಸಿಂಧನೂರ ಕಡೆ ಒಂದು ಲಗ್ನದ ಮೆರವಣಿಗಿ ಇತ್ತು. ಹುಡುಗರು ಕುಣ್ಯಾಕ ಹತ್ತಿದ್ರು. ಮದುಮಗನ ಮುತ್ಯಾ ಬಂದು "ತಮ್ಮಾ, ನಮ್ಮ ಕಾಲದ್ದೊಂದು ಹಚ್ಚಪಾ" ಅಂದ್ರು. ಎಪ್ಪತ್ತರ ದಶಕದ ಒಂದು ಸಿನಿಮಾ ಹಾಡು ತಗದು, ಓಡ್ತಿದ್ದ ರೀಮಿಕ್ಸ್ ಜೋಡಿ ಸಿಂಕ್ (ಎರಡು ಹಾಡಿನ ಬಡತ ತಾನ ಕೂಡಸೋ ಬಟನ್) ಒತ್ತಿ ಬಿಟ್ಟೆ. ಮೊದಲ ಎರಡು ಸಾಲು ಕೂಡಿದ್ವು. ಆಮ್ಯಾಲೆ ಒಂದರ ಬಡತ ಇನ್ನೊಂದರಿಂದ ಜಾರಿ, ಕಲ್ಲಿನ ದಾರ್ಯಾಗ ಕುದರಿ ಓಡಿದಂಗ ಕೇಳಾಕ ಹತ್ತಿತು. ತೆರಿ ಮ್ಯಾಲೆ ನೋಡಿದ್ರ ಎರಡೂ ಗೆರಿ ನೆಟ್ಟಗ ಕುಂತಾವ. ಕುಣಿಯೋರು ನಿಂತ್ರು. ಮುತ್ಯಾ ಏನೂ ಅನ್ನಲಿಲ್ಲ, ಹೆಗಲ ಮ್ಯಾಲಿನ ಟಾವೆಲ್ ಸರಿ ಮಾಡ್ಕೊಂಡು ಮುಂದ ನಡದ್ರು. ಅವರು ಬೈದಿದ್ರ ನನಗ ಇಷ್ಟು ಹತ್ತತಿರಲಿಲ್ಲ.

ಈಗ ಬಳ್ಳಾರಿ ಕೌಲ್‌ಬಜಾರ್‌ದಾಗ ಒಬ್ಬರ ಹತ್ರ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಟರ್ನ್‌ಟೇಬಲ್ ಜೋಡಿ, ಒಂದು ಅನಲಾಗ್ ಮಿಕ್ಸರ್ ಮಾರಾಕ ಐತಿ ಅಂತ ಗೊತ್ತಾತು. ನಿಜವಾದ ಡಿಜೆ ಆಗಬೇಕಂದ್ರ ರೆಕಾರ್ಡ್ ಮ್ಯಾಲೆ ಕಲಿಬೇಕು ಅಂತ ವಿಡಿಯೋದಾಗ ಹೇಳ್ತಾರ. ಗೆಳೆಯರು "ಆ ರೊಕ್ಕಕ್ಕ ಇನ್ನೆರಡು ಬೇಸ್ ತಗೋ" ಅಂತಾರ. ತಿಳದವರು ಹೇಳ್ರಿ.

ಬಳ್ಳಾರಿ ಹೆಡ್‌ಫೋನ್

ಈ "ನಿಜವಾದ ಡಿಜೆ" ಅನ್ನೋ ಮಾತು ಕೇಳಿದ್ರೆ ನನಗೆ ಸಿಟ್ಟು ಬರ್ತೈತೆ ತಮ್ಮಾ. ಅದನ್ನ ಮೊದಲು ತೆಗೆದು ಪಕ್ಕಕ್ಕಿಡು.

1973ರ ಆಗಸ್ಟ್ 11ಕ್ಕೆ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ತನ್ನ ತಂಗಿ ಇಟ್ಟಿದ್ದ ಪಾರ್ಟಿಗೆ ರೆಕಾರ್ಡ್ ಹಾಕಿದ. ಹಿಪ್‌ಹಾಪ್ ಅಲ್ಲಿಂದ ಶುರು ಅಂತಾರೆ. ಕೈಗೆ ಯಾವ ಮಷಿನ್ ಸಿಕ್ಕಿತೋ ಅದರಲ್ಲಿ ಮಾಡಿದ. ಇವತ್ತು ಎಲ್ಲರೂ ಪೂಜೆ ಮಾಡೋ ಎಸ್‌ಎಲ್-1200 1972ರಲ್ಲಿ ಬಂದಾಗ ಮನೇಲಿ ಕೂತು ಹಾಡು ಕೇಳೋರಿಗೆ ಅಂತ ಮಾಡಿದ್ದು. ಬೆಲ್ಟ್ ಇಲ್ಲದೆ ಮೋಟರ್ ನೇರವಾಗಿ ತಿರುಗಿಸ್ತೈತೆ, ಕೈಯಲ್ಲಿ ಹಿಡಿದು ಬಿಟ್ಟರೆ ತಕ್ಷಣ ಓಟ ಹಿಡೀತೈತೆ ಅಂತ ಡಿಜೆಗಳು ಅದನ್ನ ಎತ್ತಿಕೊಂಡರು. 1979ರ ಎಂಕೆ2ನಲ್ಲಿ ಓಟ ಏರಿಸಿ ಇಳಿಸೋ ಉದ್ದ ಪಿಚ್ ಸ್ಲೈಡರ್ ಬಂತು. 2001ರಲ್ಲಿ ಪಯೋನಿಯರ್ ಸಿಡಿಜೆ-1000 ಬಂತು, ಸಿಡಿಯನ್ನ ರೆಕಾರ್ಡಿನ ಹಾಗೆ ಕೈಯಲ್ಲಿ ತಿರುಗಿಸಬಹುದು ಅಂತ. 2004ರಲ್ಲಿ ಸೆರಾಟೋ ಸ್ಕ್ರ್ಯಾಚ್ ಲೈವ್ ಬಂತು. ಅದರ ರೆಕಾರ್ಡ್‌ನಲ್ಲಿ ಹಾಡೇ ಇರಲ್ಲ, ಒಂದು ಕಂಟ್ರೋಲ್ ಸದ್ದು ಇರ್ತೈತೆ. ಅದನ್ನ ಓದಿ ಲ್ಯಾಪ್‌ಟಾಪ್‌ನಲ್ಲಿರೋ ಹಾಡು ಹಿಂದೆ ಮುಂದೆ ಓಡ್ತೈತೆ. ನಿನ್ನ ಕಂಟ್ರೋಲರ್ ಇದೇ ಮನೆತನದ್ದು.

ಇನ್ನೊಂದು ಮಾತು. ಒಂದು ಎಂಕೆ2 ತೂಕ ಹನ್ನೆರಡೂವರೆ ಕಿಲೋ. ಎರಡು ಅದು, ಮಿಕ್ಸರ್, ರೆಕಾರ್ಡ್ ಪೆಟ್ಟಿಗೆ ಅಂದರೆ ನಾಲ್ಕು ಜನ ಗಂಡಸರು ಬೇಕು ಅನ್ನೋ ಕೆಲಸ. ನಾನು ಹೆಣ್ಣುಮಗಳು. ಕಂಟ್ರೋಲರ್ ಬೆನ್ನಿಗೆ ಹಾಕಿಕೊಂಡು ಬಳ್ಳಾರಿಯಿಂದ ಹೊಸಪೇಟೆ ಬಸ್ ಹತ್ತಿ, ಹುಟ್ಟುಹಬ್ಬಕ್ಕೆ ಹಾಡು ಹಾಕಿ ರಾತ್ರಿ ಹತ್ತಕ್ಕೆ ಮುಗಿಸಿ ಅಪ್ಪನ ಜೊತೆ ವಾಪಸ್ ಬರ್ತೀನಿ. ಡಿಜಿಟಲ್ ಬರದಿದ್ದರೆ ನಾನು ಈ ಕೆಲಸಕ್ಕೆ ಕೈಯೇ ಹಚ್ಚೋಕೆ ಆಗ್ತಿರಲಿಲ್ಲ. ಅದಕ್ಕೆ ಯಾರಾದರೂ ಇದನ್ನ ಸುಳ್ಳು ಡಿಜೆ ಅಂದರೆ ನಾನು ಒಪ್ಪಲ್ಲ.

ಆದರೆ ನಿನಗೆ ಆಗಿದ್ದು ಬೇರೆ. ಅದರ ಕಾರಣ ನಾಳೆ ಕೂತು ಬರೀತೀನಿ.

ಸಂಡೂರು 320

ನನ್ನ ಪ್ರಕಾರ ಟರ್ನ್‌ಟೇಬಲ್ ರೊಕ್ಕದಲ್ಲಿ ಮೊದಲು ಹಾಡುಗಳನ್ನ ಸರಿ ಮಾಡ್ಕೋ ಬ್ರೋ. ನಮ್ಮ ಕಡೆ ಅರ್ಧ ಡಿಜೆಗಳ ಪೆನ್‌ಡ್ರೈವ್‌ನಲ್ಲಿ ಇರೋದು ವಿಡಿಯೋದಿಂದ ಇಳಿಸಿದ, ಸಣ್ಣಗೆ ಒತ್ತಿದ 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3. ನಿಮಿಷಕ್ಕೆ ಸುಮಾರು 1 ಎಂಬಿ ಬರುತ್ತೆ, 320ರದ್ದು ಎರಡೂವರೆ ಎಂಬಿ ಹತ್ತಿರ. ಚಿಕ್ಕ ಫೈಲ್‌ನಲ್ಲಿ ಮೇಲಿನ ಸದ್ದು ಬಹಳ ಸಲ 16 ಕಿಲೋಹರ್ಟ್ಸ್‌ಗೆ ಕತ್ತರಿಸಿ ಹೋಗಿರುತ್ತೆ. ಗೆಜ್ಜೆ, ತಾಳ, ಹಲಗಿ ಅಂಚಿನ ಪೆಟ್ಟು ಎಲ್ಲ ನೀರಲ್ಲಿ ನೆನೆಸಿದ ಹಾಗೆ ಕೇಳುತ್ತೆ. ಮೊಬೈಲ್‌ನಲ್ಲಿ ಗೊತ್ತಾಗಲ್ಲ, ಎಂಟು ಟಾಪ್ ಹಚ್ಚಿದಾಗ ಗೊತ್ತಾಗುತ್ತೆ. ಇಂಥ ಫೈಲ್ ಹಾಕಿ "ವಿನೈಲ್ ಸೌಂಡೇ ಬೇರೆ" ಅಂದರೆ ಹೋಲಿಕೆಯೇ ತಪ್ಪು.

ಮೈಕ್‌ಸೆಟ್ ಯಲಬುರ್ಗಾ

ತಮ್ಮಾ, ನಾ 1976ರಿಂದ ಮೈಕ್‌ಸೆಟ್ ಇಟ್ಟಾಂವ. ನನಗ ಡಿಜೆ ಅಂತ ಯಾರೂ ಕರದಿಲ್ಲ, ಮೈಕ್‌ನಾಂವ ಅಂತಿದ್ರು. ರಿಕಾರ್ಡಿನ ಸುದ್ದಿ ಬಂದೈತಿ ಅಂತ ನನ್ನ ಮಗಳು ಇದನ್ನ ಓದಿ ಹೇಳಿದ್ಲು. ನಾ ಹೇಳ್ತೀನಿ, ಆಕಿ ಬರೀತಾಳ.

ಲಗ್ನದ ಹಿಂದಿನ ದಿನ ಸಂಜಿಗೆ ಚಕ್ಕಡ್ಯಾಗ ಅಹುಜಾ ಆಂಪ್ಲಿಫೈಯರ್, ಹನ್ನೆರಡು ವೋಲ್ಟಿನ ಬ್ಯಾಟರಿ, ಎರಡು ಹಾರ್ನು ಹೇರ್ಕೊಂಡು ಹೋಗ್ತಿದ್ವಿ. ಒಂದು ಹಾರ್ನು ಬೇವಿನ ಗಿಡಕ್ಕ, ಇನ್ನೊಂದು ಮಾಳಿಗಿ ಮ್ಯಾಲೆ. ರಿಕಾರ್ಡ್ ಮಷಿನ್ ಮಾತ್ರ ಪಡಸಾಲಿ ಒಳಗ, ಹಾರ್ನಿನ ಬೆನ್ನ ಹಿಂದ. ಹಾರ್ನಿನ ಸದ್ದು ತಿರುಗಿ ಸೂಜಿಗೆ ಬಡದ್ರ ಹೂಂ ಅಂತ ಕೂಗು ಹಿಡಿತಿತ್ತು. ಹುಡುಗ್ರು ಓಡ್ಯಾಡಿದ್ರ ಸೂಜಿ ಜಿಗೀತಿತ್ತು. ಅದಕ್ಕ ಹೆಡ್ಡಿನ ಮ್ಯಾಲೆ ನಾಕಾಣೆ ಬಿಲ್ಲಿ ಇಡತಿದ್ವಿ. ಆ ಭಾರಕ್ಕ ಪ್ಲೇಟು (ರಿಕಾರ್ಡು) ಸವೀತೈತಿ ಅಂತ ಬಹಳ ವರ್ಷ ಆದ ಮ್ಯಾಲೆ ತಿಳೀತು. ಎಷ್ಟು ಛಲೋ ಪ್ಲೇಟು ನನ್ನ ಕೈಯಿಂದನ ಹಾಳಾದ್ವು.

ರಿಕಾರ್ಡಿನ ಸೌಂಡು ತುಂಬಿರ್ತೈತಿ, ಡಿಜಿಟಲ್ ಬರೇ ಡಬ್ಬಿ ಸದ್ದು ಅಂತ ಪ್ಯಾಟ್ಯಾಗಿನವರು ಅಂತಾರಲ್ಲ, ಅದು ನಮ್ಮ ಹಳ್ಳಿಗೆ ಹೊಂದೋ ಮಾತಲ್ಲ. ಹಾರ್ನಿನ್ಯಾಗ ಬೇಸು ಬರಾಂಗೇ ಇಲ್ಲ. ಮಾತು ಕೇಳಾಕ ಮಾಡಿದ ಸಾಮಾನು ಅದು. ಒಂದು ಹಾಡು ನಾ ಇಪ್ಪತ್ತು ವರ್ಷ ಹಚ್ಚೀನಿ. ಅದರಾಗ ತಬಲಾದ ಎಡಗೈ ಬಾಯಾ ಅಷ್ಟು ಚಂದ ಮಾತಾಡ್ತೈತಿ ಅನ್ನೋದು ಗೊತ್ತಾಗಿದ್ದು, ಮಗ ಪೆನ್‌ಡ್ರೈವ್‌ದಾಗ ಹಾಕಿ ದೊಡ್ಡ ಸ್ಪೀಕರಿಗೆ ಕೊಟ್ಟಾಗ. ಅವತ್ತು ನಾ ಆ ಹಾಡು ನಾಕು ಸಲ ಕೇಳಿದೆ.

ಇನ್ನ ಮೆರವಣಿಗಿ. ರಿಕಾರ್ಡ್ ಯಾವತ್ತೂ ಮೆರವಣಿಗಿ ಜೋಡಿ ನಡದಿಲ್ಲ. ಚಕ್ಕಡಿ ಕುಲುಕಿದ್ರ ಸೂಜಿ ನಿಲ್ಲಾಂಗಿಲ್ಲ. 1980ರ ಮ್ಯಾಲೆ ಕ್ಯಾಸೆಟ್ ಬಂತು ನೋಡು, ಆವಾಗ ಹಾಡು ಚಕ್ಕಡಿ ಹತ್ತಿತು. ನೀ ಆ ಟರ್ನ್‌ಟೇಬಲ್ ತಗೊಂಡು ಟ್ರ್ಯಾಕ್ಟರ್ ಮ್ಯಾಲೆ ಇಡತೀನಿ ಅಂದ್ರ ಬ್ಯಾಡ.

ಆದ್ರ ಒಂದು ಐತಿ. ಪ್ಲೇಟಿನ ಒಂದು ಮಗ್ಗಲಕ್ಕ ಮೂರು ನಿಮಿಷ. ಅಷ್ಟರಾಗ ಮುಂದಿನದು ಕೈಯಾಗ ಇರಬೇಕು, ಒರಿಸಿರಬೇಕು, ಅಂಗಳದಾಗ ಏನು ನಡದೈತಿ ಅಂತ ಕಿಟಕ್ಯಾಗ ನೋಡಿರಬೇಕು. ಪ್ಲೇಟನ್ನ ಬೆಳಕಿಗೆ ಓರೆ ಹಿಡದ್ರ ಹಾಡು ಎಲ್ಲಿ ತೆಳ್ಳಗ, ಎಲ್ಲಿ ವಾದ್ಯ ತುಂಬ್ಯಾವ ಅಂತ ಗೀರಿನ ಬಣ್ಣದಾಗ ಕಾಣ್ತೈತಿ. ನಿಮ್ಮ ತೆರಿ ಮ್ಯಾಲೆ ಗುಡ್ಡ ಕಂಡಂಗ ಕಾಣ್ತೈತಲ್ಲ, ಅದ. ನಾವು ಕಣ್ಣಿನಿಂದ ನೋಡಿ, ಕಿವಿಯಿಂದ ತಾಳೆ ಹಾಕ್ತಿದ್ವಿ. ನೀ ಅವತ್ತು ಕಣ್ಣು ನಂಬಿದಿ, ಕಿವಿ ಕೊಡಲಿಲ್ಲ ಅಂತ ನನಗ ಅನಿಸ್ತೈತಿ.

ಕಾರಟಗಿ ಹುಡುಗ

ಕಾಕಾ, ನಿಮ್ಮ ಮಾತು ಓದಿ ಬಹಳ ಹೊತ್ತು ಸುಮ್ಮನ ಕುಂತೆ. ಹೌದ್ರಿ, ಅವತ್ತು ಹೆಡ್‌ಫೋನ್ ಕೊಳ್ಳಾಗ ಇತ್ತು, ಕಿವಿ ಮ್ಯಾಲೆ ಇರಲಿಲ್ಲ.

ಬಳ್ಳಾರಿ ಹೆಡ್‌ಫೋನ್

ನಿನ್ನೆ ಬಿಟ್ಟ ಮಾತು. ಸಾಫ್ಟ್‌ವೇರ್ ಒಂದು ಹಾಡನ್ನ ಓದುವಾಗ ಮೊದಲ ಬಡಿತ ಹುಡುಕಿ, ಅಲ್ಲಿಂದ ಕೊನೆತನಕ ಒಂದೇ ಅಳತೆಯಲ್ಲಿ ಗೆರೆ ಎಳೀತೈತೆ. ಇದನ್ನ ಬೀಟ್‌ಗ್ರಿಡ್ ಅಂತೀವಿ. ಸಿಂಕ್ ಕೂಡಿಸೋದು ಈ ಗೆರೆಗಳನ್ನ, ಹಾಡನ್ನಲ್ಲ. ಕಂಪ್ಯೂಟರ್‌ನಲ್ಲಿ ಕಟ್ಟಿದ ಇವತ್ತಿನ ಹಾಡಿಗೆ ಇದು ಸರಿ ಹೋಗ್ತೈತೆ. ನಿಮ್ಮ ಮುತ್ಯಾ ಕೇಳಿದ ಹಾಡಿನ ಕಾಲದಲ್ಲಿ ಮೂವತ್ತು ನಲವತ್ತು ವಾದ್ಯದವರು ಒಟ್ಟಿಗೆ ಕೂತು ನುಡಿಸಿದರು. ಪಲ್ಲವಿ ಸ್ವಲ್ಪ ನಿಧಾನ, ಚರಣದಲ್ಲಿ ಒಂದು ಎಳೆ ಬಿರುಸು, ಮಧ್ಯೆ ಕೊಳಲು ಬಂದಾಗ ಉಸಿರಿಗೆ ಜಾಗ. ನಿಮಿಷಕ್ಕೆ 104 ಬಡಿತಕ್ಕೆ ಶುರುವಾಗಿ 108ಕ್ಕೆ ಹೋಗಿ ಮತ್ತೆ ಕೆಳಗೆ ಇಳೀತೈತೆ. ಅದು ತಪ್ಪಲ್ಲ, ಹಾಡಿನ ಜೀವವೇ ಅಲ್ಲಿರೋದು. ಗೆರೆ ಮಾತ್ರ 104ರಲ್ಲೇ ನಿಂತಿರ್ತೈತೆ.

ರೆಕಾರ್ಡ್‌ಬಾಕ್ಸ್ ಅನ್ನೋ ಡಿಜೆ ಸಾಫ್ಟ್‌ವೇರ್‌ನಲ್ಲಿ ಡೈನಾಮಿಕ್ ಅಂತ ಇನ್ನೊಂದು ಬಗೆ ಐತೆ, ಏರಿಳಿತ ಹಿಡಿದು ಗೆರೆ ಎಳೆಯೋಕೆ ನೋಡ್ತೈತೆ. ನಾನು ಹಳೇ ಹಾಡಿಗೆ ಅದನ್ನೇ ಹಾಕ್ತೀನಿ, ಆಮೇಲೆ ಕಿವಿಯಲ್ಲಿ ಕೇಳಿ ಕೈಯಿಂದ ತಿದ್ದುತೀನಿ. ಒಂದು ಹಾಡಿಗೆ ಅರ್ಧ ಗಂಟೆ ಹೋಗಿದ್ದೂ ಐತೆ.

ಪಿಚ್ ಫೇಡರ್ (ಅದೇ ಪಿಚ್ ಸ್ಲೈಡರ್) ಎಂಟು ಪರ್ಸೆಂಟ್ ಮೇಲೆ ಕೆಳಗೆ ಹೋಗ್ತೈತೆ ಅಂದ್ಕೋ. 100ರ ಹಾಡು 92ರಿಂದ 108ರವರೆಗೆ ಬಗ್ಗತೈತೆ. ರೆಕಾರ್ಡ್‌ನಲ್ಲಿ ಓಟದ ಜೊತೆ ಶ್ರುತಿನೂ ಏರತೈತೆ, ಆರು ಪರ್ಸೆಂಟ್ ಏರಿಸಿದರೆ ಸರಿಸುಮಾರು ಅರ್ಧ ಸ್ವರ. ಡಿಜಿಟಲ್‌ನಲ್ಲಿ ಶ್ರುತಿ ಬೀಗ ಹಾಕಬಹುದು. ಆದರೆ ಬಹಳ ಎಳೆದರೆ ಶಹನಾಯಿ, ಹಾಡೋರ ದನಿ ನಡುಗಿದ ಹಾಗೆ ಕೇಳ್ತೈತೆ. ಎರಡನ್ನೂ ಕೇಳಿ ನೋಡು, ಯಾವ ಹಾಡಿಗೆ ಎಷ್ಟು ತಡೀತೈತೆ ಅಂತ ಗೊತ್ತಾಗ್ತೈತೆ.

ಹಲಗಿ ಮಾನ್ವಿ

ನಾನು ಡಿಜೆ ಅಲ್ಲ. ನಮ್ಮದು ಹಲಗಿ. ನೀವು ಇಲ್ಲಿ ಹಳೇ ಸಾಮಾನು ಅಂದ್ರ ಟರ್ನ್‌ಟೇಬಲ್ ಅಂತ ಬರದೀರಿ. ನನಗ ಮನಸ್ಸಿಗೆ ಬಂದದ್ದು ನಮ್ಮಪ್ಪನ ಹಲಗಿ. ಬೆಂಕಿಗೆ ಹಿಡದು ಕಾಸಿ, ಬೆರಳಿಂದ ತಟ್ಟಿ ನೋಡಿ, ಇನ್ನಾ ಒಂದು ಸಲ ಕಾಸಿ ಹೆಗಲಿಗೆ ಹಾಕ್ತಿದ್ದ.

ನಾಕೈದು ವರ್ಷದಿಂದ ಮೆರವಣಿಗ್ಯಾಗ ಡಿಜೆ ಗಾಡಿ ಮುಂದ ನಮ್ಮನ್ನ ನಿಲ್ಲಸ್ತಾರ. ಹಾಡು ಜೋರು ಬಂದ ಕೂಡ್ಲೇ "ನೀವು ಸ್ವಲ್ಪ ತಡೀರಿ" ಅಂತಾರ. ಇಲ್ಲಾಂದ್ರ ಹಾಡಿನ ಜೋಡಿ ಬಡೀರಿ ಅಂತಾರ. ಅಲಾಯಿ ಹಬ್ಬದಾಗ ಹೆಜ್ಜಿ ಹಾಕೋರ ಕಾಲು ನೋಡಿ ನಾವು ಕೈ ಏರಸ್ತೀವಿ. ಕಾಲು ಬಿಸಿ ಆದಂಗ ಕೈ ಬಿರುಸು ಆಗ್ತದ. ಅವರು ದಣದ್ರ ನಾವು ಇಳಿಸಿ ಉಸರು ಕೊಡ್ತೀವಿ. ಮಷಿನ್ ಹಾಡು ಶುರುವಾದಂಗ ಕಡೀತನಕ ಒಂದೇ ನಡಿಗಿ. ಅದರ ಜೋಡಿ ಅರ್ಧ ತಾಸು ಬಡದ್ರ ನನ್ನ ತೋಳು ಕಟ್ಟಿಗಿ ಆಗ್ತದ, ಖರೇ ಹೇಳ್ತೀನಿ.

ಇನ್ನೊಂದು. ನಮ್ಮ ಬಹಳ ಹೆಜ್ಜಿ ಆರರ ಲೆಕ್ಕದಾವು, ಮೂರು ಮೂರು ಪೆಟ್ಟಿನವು. ನಮ್ಮೂರ ಡಿಜೆ ಹುಡುಗನ ಲ್ಯಾಪ್‌ಟಾಪ್‌ದಾಗ ನೋಡೀನಿ, ಹೆಜ್ಜಿ ಬೀಳೋದು ನಿಮಿಷಕ್ಕ 92, ಅದು 138 ಅಂತ ತೋರಸ್ತಿತ್ತು. ಅಂವ 138ರ ಇನ್ನೊಂದು ಹಾಡು ತಂದು ಕೂಡಿಸಿದ. ಅದಕ್ಕ ಹ್ಯಾಂಗ ಹೆಜ್ಜಿ ಹಾಕಬೇಕು?

ನಿಮ್ಮ ಡಬ್ಬ್ಯಾಗ ಆ ಉದ್ದ ಫೇಡರ್ ಅದಲ್ಲ, ಅದರ ಮ್ಯಾಲೆ ಕೈ ಇಟ್ಟು ನನ್ನ ಹಲಗಿ ಜೋಡಿ ಬರಾಕ ಆಗ್ತದೇನು ತಮ್ಮಾ? ಯಾರೂ ಮಾಡಿದ್ದು ನಾ ನೋಡಿಲ್ಲ. ಮಾಡಿದ್ರ ನಾ ರೊಕ್ಕ ಇಲ್ಲದ ಬಂದು ಬಡೀತೀನಿ.

ಬಳ್ಳಾರಿ ಹೆಡ್‌ಫೋನ್

ಅಣ್ಣಾರೆ, ಆಗ್ತೈತೆ. 92 ಮತ್ತು 138ರ ಲೆಕ್ಕ ನೀವು ಸರಿಯಾಗಿ ಹಿಡಿದ್ರಿ: 92ರ ಒಂದೂವರೆ ಪಟ್ಟು 138. ಸಾಫ್ಟ್‌ವೇರ್ ಎಲ್ಲವನ್ನೂ ನಾಲ್ಕರ ತಾಳ ಅಂದುಕೊಂಡು ಎಣಿಸ್ತೈತೆ, ಅದಕ್ಕೆ ಆರರ ಹಾಡು ಬಂದಾಗ ಹೀಗೆ ತಪ್ಪತೈತೆ. ಸಿಂಕ್ ಬಂದ್ ಮಾಡಿ, ಗ್ರಿಡ್ ಕಡೆ ನೋಡದೆ, ಫೇಡರ್‌ನಿಂದ ನಿಮ್ಮ ಕೈ ಹಿಂದೆ ಬರಬೇಕು. ಕಷ್ಟ ಐತೆ, ನಾನು ಡೊಳ್ಳಿನವರ ಜೊತೆ ಒಂದು ಸಲ ಮಾಡಿ ಎರಡು ನಿಮಿಷಕ್ಕೆ ಬಿಟ್ಟೆ. ಆ ಎರಡು ನಿಮಿಷ ಮಾತ್ರ ಇವತ್ತಿಗೂ ನೆನಪೈತೆ.

ರಾಯಚೂರು ಸೋಲ್ಡರ್

ರಿಪೇರಿ ಮಾಡಾಂವನ ಮಾತು ಕೇಳ್ರಿ. ತೀನ್ ಕಂದೀಲ್ ಹತ್ರ ನನ್ನ ಟೇಬಲ್ ಅದ. ಹಳೇದು ಹೊಸದು ಎರಡೂ ನನ್ನ ಹತ್ರ ಸತ್ತು ಬರ್ತಾವ.

ನಮ್ಮ ಕಡೆ ಮೂರು ವೈರಿ: ಬಿಸಲು, ಧೂಳು, ಜನರೇಟರ್. ಮೇ ತಿಂಗಳ ಬಿಸಲಾಗ ಲ್ಯಾಪ್‌ಟಾಪ್ ಕಾದು ತಾನ ನಿಧಾನ ಆಗ್ತದ, ಹಾಡು ಟಕ್ ಟಕ್ ಅಂತ ಮುರೀತದ. ಅಂಥಾ ಹೊತ್ತಿನ್ಯಾಗ ಬಫರ್ (ಸದ್ದು ಮೊದಲ ತುಂಬಿಡೋ ಜಾಗ) 128 ಸ್ಯಾಂಪಲ್‌ಗೆ ಇಟ್ಟಿರ್ತಾರ. 512ಕ್ಕ ಏರಸ್ರಿ. ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಾಗ ಅದು ಹನ್ನೊಂದೂವರೆ ಮಿಲಿಸೆಕೆಂಡ್ ತಡ, ಅಂದ್ರ ಸ್ಪೀಕರಿಂದ ನಾಕು ಮೀಟರ್ ಹಿಂದ ನಿಂತು ಕೇಳಿದಷ್ಟು. ಮೆರವಣಿಗ್ಯಾಗ ಅದು ಯಾರಿಗೂ ತಿಳಿಯಂಗಿಲ್ಲ. ಕಾರಿನ ಡ್ಯಾಶ್‌ಬೋರ್ಡ್ ಮ್ಯಾಲೆ ರೆಕಾರ್ಡ್ ಬಿಟ್ರ ಮಧ್ಯಾಹ್ನದಾಗ ಹಪ್ಪಳ ಆಗಿರ್ತದ, ಅದನ್ನ ನನ್ನ ಹತ್ರ ತರಬ್ಯಾಡ್ರಿ.

ಜನರೇಟರ್ ಸುದ್ದಿ ಕೇಳ್ರಿ. ಹಳೇ ರೆಕಾರ್ಡ್ ಪ್ಲೇಯರಿನ ಎಸಿ ಮೋಟರ್ 50 ಹರ್ಟ್ಸ್ ನಂಬಿ ತಿರುಗ್ತದ. ಬೇಸ್ ಜಗ್ಗಿದಾಗ ಜನರೇಟರ್ 48ಕ್ಕ ಇಳದ್ರ ಹಾಡೂ ನಾಕು ಪರ್ಸೆಂಟ್ ಇಳೀತದ. ಎಂಕೆ2 ಹಂಗಲ್ಲ, ಒಳಗ ಕ್ವಾರ್ಟ್ಜ್ ಅದ, ಹೊರಗಿನ ಹರ್ಟ್ಸ್ ಏನೇ ಇದ್ರೂ ಓಟ ಬಿಡಂಗಿಲ್ಲ. ಲ್ಯಾಪ್‌ಟಾಪಿಗೂ ಈ ಚಿಂತಿ ಇಲ್ಲ. ಆದ್ರ ನ್ಯೂಟ್ರಲ್ ವೈರ್ ಕಿತ್ತು ಬಂತು ಅಂದ್ರ 230 ಬರೋ ಕಡೆ 400ರ ಹತ್ರ ನುಗ್ಗತದ, ಆವಾಗ ಎಲ್ಲಾನೂ ಸಾಯ್ತಾವ.

ಇದನ್ನ ಕೈ ಮುಗದು ಹೇಳ್ತೀನಿ: ಲ್ಯಾಪ್‌ಟಾಪ್ ಚಾರ್ಜರ್ ಹಚ್ಚಿದ ಕೂಡ್ಲೇ ಗುಂಯ್ ಅಂತದ ಅಂತ ಮೂರು ಪಿನ್ನಿನ ಅರ್ತ್ ಪಿನ್ ಮುರಿದು ಹಾಕ್ತೀರಿ. ಬ್ಯಾಡ್ರಿ. ಕಬ್ಬಿಣದ ಟ್ರಾಲಿ ಮ್ಯಾಲೆ ಮಳಿಯಾಗ ನಿಂತಿರ್ತೀರಿ. ಗುಂಯ್ ನಿಲ್ಲಸಾಕ ಆಡಿಯೋ ಲೈನಿಗೆ ಐಸೊಲೇಟರ್ ಸಿಗ್ತದ, ಅದನ್ನ ಹಾಕ್ರಿ. ಅರ್ತ್ ಇಲ್ಲದ ಸಾಮಾನು ಮುಟ್ಟಿ ಬಿದ್ದ ಹುಡುಗನ್ನ ನಾ ಕಣ್ಣಾರೆ ನೋಡೀನಿ.

ಇನ್ನ ಸದ್ದು ಹೆಚ್ಚಾದಾಗ ಮಿಕ್ಸರ್ ಮೀಟರ್‌ದಾಗ ಹತ್ತೋ ಕೆಂಪು ಲೈಟು. ಅನಲಾಗ್ ಮಿಕ್ಸರ್ ಸ್ವಲ್ಪ ಕೆಂಪಿಗೆ ಹೋದ್ರ ತಡಕೋತದ. ಡಿಜಿಟಲ್‌ದಾಗ ಮೀಟರ್ ಸೊನ್ನಿ ದಾಟಿತು ಅಂದ್ರ ಸದ್ದಿನ ತಲಿ ಕತ್ತರಿಸೇ ಹೋಗ್ತದ, ಟಾಪಿನ ಕಾಯಿಲ್ ಸುಡ್ತದ. ಸೀಜನ್‌ದಾಗ ನನ್ನ ಟೇಬಲ್ ಮ್ಯಾಲೆ ಬರೇ ಸುಟ್ಟ ಕಾಯಿಲ್.

ಕಾರಟಗಿ ತಮ್ಮಾ, ನೀ ನೋಡಾಕ ಹೋದಾಗ ಪ್ಲ್ಯಾಟರ್ (ರೆಕಾರ್ಡ್ ಇಡೋ ತಿರುಗೋ ತಟ್ಟಿ) ಅಂಚಿನ ಚುಕ್ಕಿ ನೋಡು. ಪಿಚ್ ಸೊನ್ನಿಗೆ ಇಟ್ಟಾಗ ದೊಡ್ಡ ಚುಕ್ಕಿ ಸಾಲು ನಿಂತಂಗ ಕಾಣಬೇಕು, ಹರೀಬಾರದು. ಟೋನ್‌ಆರ್ಮ್ (ಸೂಜಿ ಹಿಡಿಯೋ ಕೋಲು) ಮೆಲ್ಲಗ ಹಿಡದು ಅಲುಗಾಡಿಸು, ಲಡಬಡ ಅಂದ್ರ ಬಿಟ್ಟು ಬಾ. ಮನಿಗೆ ತಂದು ಮಿಕ್ಸರಿನ ಲೈನ್‌ಗೆ ಚುಚ್ಚಿ "ಸೌಂಡೇ ಇಲ್ಲ" ಅನ್ನಬ್ಯಾಡ, ಫೋನೋ ಇನ್‌ಪುಟ್‌ಗೆ ಕೊಡು. ರೆಕಾರ್ಡ್ ಕೊರೆಯುವಾಗ ಬೇಸ್ ತಗ್ಗಿಸಿ ಮ್ಯಾಲಿನ ಸದ್ದು ಏರಿಸಿರ್ತಾರ, ಅದನ್ನ ಮತ್ತ ಸಮ ಮಾಡೋದು ಫೋನೋ. ಜೋಡಿ ಒಂದು ಸಣ್ಣ ಅರ್ತ್ ವೈರ್ ಇರ್ತದ, ಅದನ್ನ ಮಿಕ್ಸರಿನ ಸ್ಕ್ರೂಗೆ ಬಿಗಿ.

ಕಾರಟಗಿ ಹುಡುಗ

ಹೋಗಿ ಬಂದೆ ಅಣ್ಣಾ. ಚುಕ್ಕಿ ಒಂದರಾಗ ನಿಂತಾವ, ಇನ್ನೊಂದರಾಗ ಸಣ್ಣಗ ಹರೀತಾವ. ಮಿಕ್ಸರಿನ ಕ್ರಾಸ್‌ಫೇಡರ್ (ಒಂದು ಹಾಡಿಂದ ಇನ್ನೊಂದಕ್ಕ ಸರಸೋ ಹಿಡಿಕಿ) ಕರ್ ಅಂತೈತಿ. ಜೋಡಿ ಒಡ್ಯಾಂಗಿಲ್ಲ ಅಂದ್ರು. ಇನ್ನೂ ರೊಕ್ಕ ಕೊಟ್ಟಿಲ್ಲ.

ಅಲ್ಲೇ ಒಂದು ರೆಕಾರ್ಡ್ ಹಚ್ಚಿ ಕೈ ಇಟ್ಟು ನೋಡಿದೆ. ಎರಡು ಹಾಡು ಕೂಡಸಾಕ ತಾಸು ಹೋತು, ಒಂದ ಸಲ ಕೂಡಿತು. ನೋಡಾಕ ತೆರಿ ಇಲ್ಲ, ನಂಬರ್ ಇಲ್ಲ. ಒಂದು ಹಿಂದ ಬಿತ್ತಾ ಮುಂದ ಹೋತಾ ಅನ್ನೋದ ಮೊದಲ ಗೊತ್ತಾಗವಲ್ದು. ನಾಕು ವರ್ಷ ಡಿಜೆ ಹಚ್ಚೀನಿ, ಇದು ಗೊತ್ತಿರಲಿಲ್ಲ.

ಮನಿಗೆ ಬಂದು ಕಂಟ್ರೋಲರಿನ ಸಿಂಕ್ ಬಟನ್ ಮ್ಯಾಲೆ ಟೇಪ್ ಹಚ್ಚೀನಿ. ಲ್ಯಾಪ್‌ಟಾಪ್ ತೆರಿಗೆ ಟಾವೆಲ್ ಹೊಚ್ಚಿ, ಮುತ್ಯಾನ ಹಾಡು ಹಚ್ಚಿ ಫೇಡರ್ ಹಿಡದು ಕುಂತೆ. ಮೂರನೇ ದಿನಕ್ಕ ಪಲ್ಲವಿ ಪೂರಾ ಬಂತು, ಚರಣದಾಗ ಇನ್ನೂ ಜಾರ್ತೈತಿ.

ಹಲಗಿ ಅಣ್ಣಾರ, ನೀವು ಮಾನ್ವಿಯಿಂದ ಬರೋದು ಬ್ಯಾಡ, ನಾನ ಕಂಟ್ರೋಲರ್ ತಗೊಂಡು ಬರ್ತೀನಿ. ಅಮಾಸಿ ಮುಂದ ಯಾವತ್ತಾರ ಬಿಡುವು ಐತೇನ್ರಿ?

ಸಂಡೂರು 320

ಹಾಗಾದರೆ ಟರ್ನ್‌ಟೇಬಲ್ ಬೇಡವೇ ಬೇಡ ಅಲ್ವಾ ಬ್ರೋ? ಟೇಪ್ ಅಂಟಿಸಿದ್ದಕ್ಕೇ ಕೆಲಸ ಆಯ್ತಲ್ಲ.

ಕಾರಟಗಿ ಹುಡುಗ

ಮೊನ್ನೆತನಕ ನಾನೂ ಹಂಗ ಅನ್ಕೊಂಡಿದ್ದೆ. ಆದ್ರ ತೆರಿ ಮುಚ್ಚಿದ್ರೂ ಕೈ ಟಾವೆಲ್ ಸರಸಾಕ ಹೋಗ್ತೈತಿ ಬ್ರೋ. ಬಳ್ಳಾರ್ಯಾಗ ಟರ್ನ್‌ಟೇಬಲ್ ಮುಂದ ನೋಡಾಕ ಏನೂ ಇರಲಿಲ್ಲ. ಮನ್ಯಾಗ ಕಲ್ಯಾಕ ಟರ್ನ್‌ಟೇಬಲ್, ಮೆರವಣಿಗಿಗೆ ಕಂಟ್ರೋಲರ್. ಬೇಸ್ ಆಮ್ಯಾಲೆ ತಗೋತೀನಿ.

ಹಲಗಿ ಮಾನ್ವಿ

ಆಯ್ತವಾರ ಬಾ. ಊಟ ನಮ್ಮನ್ಯಾಗ. ಬೇಸ್ ತರಬ್ಯಾಡ, ಒಂದು ಸಣ್ಣ ಸ್ಪೀಕರ್ ಸಾಕು, ನನ್ನ ಹಲಗಿ ನಿನಗ ಕೇಳಬೇಕು.

ಮೈಕ್‌ಸೆಟ್ ಯಲಬುರ್ಗಾ

ತಮ್ಮಾ, ನನ್ನ ಹತ್ರ ಒಂದು ಟ್ರಂಕ್ ತುಂಬ ಪ್ಲೇಟು ಅದಾವ. ಕೆಲವು ನಾಕಾಣೆ ಭಾರಕ್ಕ ಸವದಾವ, ಕೆಲವು ಛಲೋ ಅದಾವ. ಮಷಿನ್ ತಂದ ಮ್ಯಾಲೆ ಬಂದು ಒಯ್ಯಿ. ಮಾರಾಕಲ್ಲ, ಹಚ್ಚಾಕ. ಟ್ರಂಕ್‌ದಾಗ ಅಡ್ಡ ಮಲಗಿಸಬ್ಯಾಡ, ನಿಲ್ಲಿಸಿ ಇಡು. ಒರಸಾಕ ಮೆತ್ತನ ಹತ್ತಿ ಅರಿವಿ ತಗೊಂಡು ಬಾ.

ರಾಯಚೂರು ಸೋಲ್ಡರ್

ಕ್ರಾಸ್‌ಫೇಡರ್ ಕರ್ ಅನ್ನೋದು ಧೂಳು, ತೊಳೆದು ಕೊಡ್ತೀನಿ. ಚುಕ್ಕಿ ಹರಿಯೋದು ಪಿಚ್ ಸ್ಲೈಡರಿಂದು ಇರಬೇಕು, ತಗದು ನೋಡಬೇಕು. ಅದನ್ನ ಹೇಳಿ ರೇಟ್ ಇಳಿಸು.

ಬಸ್ಸಿನ್ಯಾಗ ತರೋದಾದ್ರ ಸೂಜಿ ಹೆಡ್ ಬಿಚ್ಚಿ ಜೇಬಿನ್ಯಾಗ ಇಟ್ಟುಕೋ. ಹಿಂದಿನ ಭಾರದ ಗುಂಡು ಬಿಚ್ಚು. ಪ್ಲ್ಯಾಟರ್ ಎತ್ತಿ ಬ್ಯಾರೆ ಸುತ್ತು. ಟೋನ್‌ಆರ್ಮ್ ಕ್ಲಿಪ್ಪಿಗೆ ಹಾಕಿ ದಾರ ಕಟ್ಟು. ಡಿಕ್ಕಿಯಾಗ ಹಾಕಬ್ಯಾಡ, ಕಾಲ ಹತ್ರ ಇಟ್ಟುಕೊಂಡು ಕುಂದ್ರು.